ಹತ್ತನೇ ವಾಕ್ಯ

ಜುಲೈ ೧೨, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿ ಟೀಚರಿಗೆ,

ನಿನ್ನ ದಡ್ಡ ಶಿಷ್ಯೆ, ಅಂದರೆ ನಿನ್ನ ಹೆತ್ತಮ್ಮ, ಮಾಡುವ ನಮಸ್ಕಾರ. ಹದಿನಾಲ್ಕನೇ ಪಟ್ಟಿ ಮಂಗಳವಾರ ಕೈಸೇರಿತು. ಎಂದಿನಂತೆ ಹತ್ತು ಇಂಗ್ಲಿಷ್ ಪದ, ಎದುರಿಗೆ ನಿನ್ನ ಗುಂಡು ಅಕ್ಷರದಲ್ಲಿ ಅರ್ಥ, ಕೆಳಗೆ ನಾನು ವಾಕ್ಯ ಬರೆಯಲು ಖಾಲಿ ಗೆರೆ. ಒಂಬತ್ತು ಬರೆದು ಇದರ ಜೊತೆಗಿಟ್ಟಿದ್ದೇನೆ. ಹತ್ತನೆಯದು ಖಾಲಿ ಇದೆ. ಕೆಂಪು ಪೆನ್ನು ಹಿಡಿದು ಹುಬ್ಬು ಗಂಟಿಕ್ಕಬೇಡ, ಮೊದಲು ಕಾಗದ ಪೂರ್ತಿ ಓದು.

ಪರೀಕ್ಷೆಗೆ ಇನ್ನು ಮೂರೇ ವಾರ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮಿಷನ್ ತುಳಿದವಳಿಗೆ ಈ ವಯಸ್ಸಿನಲ್ಲಿ ಮೇಲ್ವಿಚಾರಕಿಯಾಗುವ ಹುಚ್ಚು. ರಿಜಿಸ್ಟರನ್ನು ಇಂಗ್ಲಿಷಿನಲ್ಲೇ ಬರೆಯಬೇಕಲ್ಲ, ಅದಕ್ಕೇ ಈ ಪಾಡು. ಪಕ್ಕದ ಮಿಷನ್ನಿನ ಅಕ್ಕ ಈಗ ನನ್ನನ್ನು ಡಿಕ್ಷನರಿ ಎಂದೇ ಕರೆಯುತ್ತಾಳೆ. ನಾನು ಊಟದ ಹೊತ್ತಿನಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದಿ ಓದಿ ಅವಳಿಗೂ ‘ಎಸೆನ್ಷಿಯಲ್’ ಅಂದರೆ ಅತ್ಯಗತ್ಯ ಎಂದು ಬಾಯಿಪಾಠವಾಗಿಬಿಟ್ಟಿದೆ. ಡಬ್ಬಿ ತೆರೆದು ಒಂದು ತುತ್ತು ತಿಂದು, ಇವತ್ತು ಎಸೆನ್ಷಿಯಲ್ಲೇ ಮರೆತಿದ್ದೇನೆ ಎಂದು ನನ್ನ ಹತ್ತಿರ ಉಪ್ಪು ಕೇಳುತ್ತಾಳೆ.

ಪಾಠ ಶುರುವಾದಾಗ ನೀನು ಹಾಕಿದ್ದು ಒಂದೇ ನಿಯಮ. ವಾಕ್ಯ ನಿಜವಾಗಿರಬೇಕು, ಬರೆಯುವವರ ಬದುಕಿನದ್ದೇ ಆಗಿರಬೇಕು. ಪುಸ್ತಕದ ವಾಕ್ಯ ತಲೆಯಲ್ಲಿ ನಿಲ್ಲುವುದಿಲ್ಲ ಎಂದೆ. ಅದಕ್ಕೇ ‘ಸ್ಟಬರ್ನ್’ ಅಂದರೆ ಹಟಮಾರಿ ಎಂದು ನೀನು ಕಳಿಸಿದಾಗ ನಾನು ನಿನ್ನ ಮೇಲೆಯೇ ವಾಕ್ಯ ಮಾಡಿದೆ. ನೀನು ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ ‘ಯಾರ ಮಗಳು?’ ಎಂದು ಬರೆದು ವಾಪಸು ಕಳಿಸಿದೆ. ಆ ಹಾಳೆ ನನ್ನ ಮಿಷನ್ನಿನ ಡ್ರಾಯರಿನಲ್ಲಿದೆ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಗುರುವಾರ ನರ್ಸುಗಳ ಸಮವಸ್ತ್ರಕ್ಕೆ ಕಾಲರ್ ಕತ್ತರಿಸಬೇಕಿತ್ತು. ನಾನು ಮಾದರಿಗೆಂದು ಅಂಗಡಿಯಿಂದ ಕಾಗದ ತರುವವಳಲ್ಲ, ನಿನಗೆ ಗೊತ್ತು. ಹಳೇ ಕ್ಯಾಲೆಂಡರು, ಔಷಧಿಯ ರಟ್ಟು, ದಪ್ಪಗಿರುವುದು ಏನು ಸಿಕ್ಕಿದರೂ ಕತ್ತರಿ ಆಡಿಸಿಬಿಡುತ್ತೇನೆ. ಗೋಡೆಯ ಮೊಳೆಯಿಂದ ಕಾಲರಿನ ಮಾದರಿ ಇಳಿಸಿ, ಬಟ್ಟೆಯ ಮೇಲಿಟ್ಟು, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಹನ್ನೊಂದು ವರ್ಷದಿಂದ ಅದೇ ಮಾದರಿ. ಅದರ ಮೇಲಿನ ಇಂಗ್ಲಿಷ್ ಅಕ್ಷರಗಳು ನನಗೆ ಬರೀ ಇರುವೆ ಸಾಲಾಗಿದ್ದವು. ಗುರುವಾರ ನನ್ನ ಬೆರಳು ತಾನಾಗಿಯೇ ಆ ಸಾಲಿನ ಕೆಳಗೆ ಸರಿಯಿತು. ‘ವೀ ಆರ್ ಪ್ಲೀಸ್ಡ್ ಟು ಇನ್ಫಾರ್ಮ್.’ ಪ್ಲೀಸ್ಡ್ ನಿನ್ನ ಮೂರನೇ ಪಟ್ಟಿಯದು, ಸಂತೋಷವಾಗಿದೆ ಎಂದು. ಇನ್ಫಾರ್ಮ್ ಐದನೆಯದು, ತಿಳಿಸುವುದು. ಅಲ್ಲಿಂದ ಮುಂದೆ ಕತ್ತಿನ ತಿರುವು, ಕಾಗದವಿಲ್ಲ. ತಿರುವಿನ ಆಚೆ ನಿನ್ನ ಹೆಸರಿನ ಅರ್ಧ, ಅದರ ಕೆಳಗೆ ‘ಅಡ್ಮಿಷನ್’.

ಗುಬ್ಬಿ, ಅದು ನೀನು ಕಾದ ಕಾಗದ. ಮೂರು ತಿಂಗಳು ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ಓಡುತ್ತಿದ್ದೆಯಲ್ಲ, ಆ ಕಾಗದ. ಸೀಟು ಸಿಗಲಿಲ್ಲವೆಂದು ಒಂದು ವರ್ಷ ಚಪ್ಪಲಿ ಅಂಗಡಿಯಲ್ಲಿ ಕೂತು ಜನರ ಪಾದದ ಅಳತೆ ನೋಡಿದೆ. ಆಮೇಲೆ ಸಿಕ್ಕಿದ ಸಣ್ಣ ಕಾಲೇಜಿಗೆ ಸೇರಿಕೊಂಡೆ. ಈಗಲೂ ಯಾವ ಮಾತು ಬಂದರೂ, ನಾನು ಬೇಡವೆನ್ನಿಸಿಕೊಂಡವಳು ಎನ್ನುತ್ತೀಯ. ಮುಖ್ಯೋಪಾಧ್ಯಾಯಿನಿಯ ಹುದ್ದೆಗೆ ಅರ್ಜಿ ಹಾಕು ಎಂದು ನಿಮ್ಮ ಶಾಲೆಯವರೇ ಹೇಳಿದರೂ, ಅಷ್ಟೆಲ್ಲ ನನ್ನಿಂದಾಗದು ಎಂದು ಹೋದ ತಿಂಗಳು ಬರೆದಿದ್ದೆ. ನೀನು ಬೇಡವಾಗಿರಲಿಲ್ಲ ಮಗಳೇ. ಮೊದಲ ಸಲಕ್ಕೇ ನಿನ್ನನ್ನು ಸಂತೋಷದಿಂದ ಕರೆದಿದ್ದರು. ಆ ಪತ್ರ ನನ್ನ ಹಳೇ ಕಾಗದದ ಕಟ್ಟಿನೊಳಗೆ ಹೇಗೋ ಸೇರಿ ಹೊಲಿಗೆ ಕೋಣೆಗೆ ಬಂದಿರಬೇಕು. ಒಂಬತ್ತನೇ ಪದ ‘ಆಕ್ಸಿಡೆಂಟಲಿ’ಗೆ ಅದನ್ನೇ ವಾಕ್ಯ ಮಾಡಿದ್ದೇನೆ. ಗೊತ್ತಿಲ್ಲದೆ ಆಗಿಹೋದದ್ದು ಎಂದು ತಾನೇ ನೀನು ಅರ್ಥ ಕೊಟ್ಟಿರುವುದು? ಹತ್ತನೆಯದು ‘ಡೆಲಿಬರೇಟ್ಲಿ’, ಗೊತ್ತಿದ್ದೂ ಬೇಕೆಂದೇ ಮಾಡಿದ್ದು. ಅದಕ್ಕೆ ವಾಕ್ಯ ಹೊಳೆಯಲಿಲ್ಲ.

ಮಾದರಿಯನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಅಂಚಿನಲ್ಲಿ ಗುಂಡುಪಿನ್ನಿನ ತೂತು, ಸುಣ್ಣದ ಕಲೆ ಇವೆ, ಆದರೆ ಓದಲು ಬರುತ್ತದೆ. ಓದು, ಓದಿದ ದಿನವೇ ಅರ್ಜಿ ಹಾಕು. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಹದಿನೈದನೇ ಪಟ್ಟಿ ಬರದಿದ್ದರೆ ಇರುವ ಪದಗಳಲ್ಲೇ ಪರೀಕ್ಷೆ ಬರೆಯುತ್ತೇನೆ. ಬಿಸಿಲಲ್ಲಿ ತಲೆಗೆ ಏನಾದರೂ ಹಾಕಿಕೊಂಡು ಓಡಾಡು, ನಿನಗೆ ಬೇಗ ತಲೆನೋವು ಬರುತ್ತದೆ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ. ಲಕೋಟೆಗೆ ಅಂಟು ಹಚ್ಚಲು ಹೋಗಿ ಕಾಗದ ಮತ್ತೆ ಹೊರತೆಗೆದೆ. ಒಂಬತ್ತನೇ ವಾಕ್ಯ ಹೊಡೆದುಹಾಕು, ಅದು ನಿನ್ನ ನಿಯಮಕ್ಕೆ ನಿಲ್ಲುವುದಿಲ್ಲ. ಅಂದು ನೀನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಅಂಚೆಯವನು ಲಕೋಟೆಯನ್ನು ನನ್ನ ಕೈಗೆ ಕೊಟ್ಟು, “ಕಾಲೇಜಿಂದ ಬಂದಿದೆ, ಮಗಳಿಗೆ ಕೊಡಿ” ಅಂದ. ನೀನು ಹೊರಟುಬಿಟ್ಟರೆ ಈ ಎರಡು ಕೋಣೆಯಲ್ಲಿ ನಾನೊಬ್ಬಳೇ ಎಂದು ಹೆದರಿಕೆಯಾಯಿತು. ಸೆರಗಿನಲ್ಲಿ ಮುಚ್ಚಿಟ್ಟು, ಮರುದಿನ ಕೆಲಸಕ್ಕೆ ಒಯ್ದೆ. ಓದಲು ಬರುತ್ತಿರಲಿಲ್ಲವಲ್ಲ, ಒಳಗೆ ‘ಇಲ್ಲ’ ಎಂದೇ ಬರೆದಿರುತ್ತಾರೆ ಎಂದು ಹನ್ನೊಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಓದಲು ಬರುತ್ತದೆ. ಹತ್ತನೇ ಗೆರೆ ತುಂಬಿಸಿದ್ದೇನೆ: ‘ಐ ಕಟ್ ಯುವರ್ ಲೆಟರ್ ಡೆಲಿಬರೇಟ್ಲಿ.’ ತಿದ್ದಿ ಕಳಿಸುತ್ತೀಯಾ, ಗುಬ್ಬಿ?