ಹಿಂದಿನ ಕಿಟಕಿಯ ಗಿರಾಕಿ

ಹಾಸ್ಟೆಲ್, ಎರಡನೇ ಮಹಡಿ
ಏಪ್ರಿಲ್ 9, ಗುರುವಾರ

ಪ್ರೀತಿಯ ಅಪ್ಪನಿಗೆ,

ನಿನ್ನ ಚೋಟು ಮಾಡುವ ನಮಸ್ಕಾರ. ‘ನಾನು ಚೆನ್ನಾಗಿದ್ದೇನೆ’ ಎಂದು ಬರೆದು ಹೊಡೆದುಹಾಕಿದೆ. ಫೋನಿನಲ್ಲಿ ಜಗಳವಾಡಿದ ಮೇಲೆ ಇಷ್ಟು ದಿನ ಸುಮ್ಮನಿದ್ದೆ, ಸಾರಿ. ಎಷ್ಟೋ ಸಲ ನಂಬರ್ ಒತ್ತಿ ಕಟ್ ಮಾಡಿದೆ. ಫೋನಿನಲ್ಲಾದರೆ ನೀನು ಎರಡು ಮಾತಿಗೇ ‘ಸರಿ, ಇಡ್ತೀನಿ’ ಅನ್ನುತ್ತೀಯ. ಅದಕ್ಕೇ ಈ ಕಾಗದ.

ಅವತ್ತು ಟೆನ್ಷನ್‌ನಲ್ಲಿ ಅರ್ಧ ಇಂಗ್ಲಿಷ್‌ನಲ್ಲಿ ಏನೇನೋ ಒದರಿದೆ. ಈಗ ಸರಿಯಾಗಿ ಹೇಳುತ್ತೇನೆ. ರಜೆಗೆ ಬಂದಾಗ, ನಿನ್ನ ಹೊಲಿಗೆ ಅಂಗಡಿಯ ಹಿಂದಿನ ಕಿಟಕಿಯಲ್ಲಿ ಅಳಿಲುಗಳಿಗೆಂದು ನೀನಿಟ್ಟಿರುವ ಬೀಜದ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟುಪಟ್ಟಿ ಹಚ್ಚಿ, ಪಕ್ಕದಲ್ಲಿ ಸಣ್ಣ ಕ್ಯಾಮೆರಾ ಇಟ್ಟು, ಹೊರಡುವಾಗ ಎರಡನ್ನೂ ಬಿಚ್ಚಿ ತಂದೆನಲ್ಲ? ಅಳಿಲುಗಳ ರೋಗದ ಮೇಲೆ ನಮ್ಮ ಲ್ಯಾಬ್ ಕಣ್ಣಿಡುವುದೇ ಹೀಗೆ. ತಲೆ ತೂರಿಸಿದ ಅಳಿಲಿನ ಕೂದಲು ಪಟ್ಟಿಗೆ ಅಂಟುತ್ತದೆ. ಬಂದದ್ದು ಯಾರೆಂದು ಅದರಿಂದ ತಿಳಿಯುತ್ತದೆ. ಪೆಟ್ಟಿಗೆಯ ಅಂಚನ್ನು ಹತ್ತಿಯಲ್ಲಿ ಒರೆಸಿ ವೈರಸ್ ಇದೆಯೇ ಎಂದು ನೋಡುತ್ತೇವೆ. ನಿನ್ನ ಪೆಟ್ಟಿಗೆಯಲ್ಲಿ ನಮ್ಮ ಕಾಡಿನ ಸಣ್ಣ ಕಂದು ಅಳಿಲಿನ ಕೂದಲೂ ಸಿಕ್ಕಿತು, ಹೊರಗಿನಿಂದ ಬಂದು ಸೇರಿಕೊಂಡ ಬೂದು ಅಳಿಲಿನದೂ ಸಿಕ್ಕಿತು. ವೈರಸ್ಸೂ ಸಿಕ್ಕಿತು.

ಬೂದು ಅಳಿಲಿಗೆ ಏನೂ ಆಗುವುದಿಲ್ಲ, ರೋಗ ಹೊತ್ತು ತಿರುಗುತ್ತದೆ ಅಷ್ಟೆ. ಕಂದು ಅಳಿಲಿಗೆ ಮಾತ್ರ ಕಣ್ಣು, ಬಾಯಿಯ ಸುತ್ತ ಹುಣ್ಣು. ಹೋದ ವಾರ ಯಾರೋ ಒಂದನ್ನು ಚಪ್ಪಲಿ ಡಬ್ಬಿಯಲ್ಲಿ ತಂದರು. ರೆಪ್ಪೆಗಳು ಅಂಟಿಹೋಗಿದ್ದವು. ಮುಂದೆ ಬೀಜವಿದ್ದರೂ ಬಾಯಿ ತೆರೆಯಲಾಗದೆ ಸತ್ತಿತ್ತಂತೆ. ಗ್ಲೌಸ್ ಹಾಕಿಕೊಂಡು ಕೈಗೆತ್ತಿಕೊಂಡೆ, ಭಾರವೇ ಇರಲಿಲ್ಲ. ಮೊದಲು ಕಿವಿ ನೋಡಿದೆ. ಹರಿದಿರಲಿಲ್ಲ, ದಿನಾ ನಿನ್ನ ಕಿಟಕಿಗೆ ಬರುವ ಆ ಹರಿದ ಕಿವಿಯ ‘ಗಿರಾಕಿ’ ಅಲ್ಲ. ಸದ್ಯ ಎಂದು ಉಸಿರುಬಿಟ್ಟೆ, ಮರುಕ್ಷಣ ನಾಚಿಕೆಯಾಯಿತು.

ನಮ್ಮ ಮೇಡಂ, “ಆ ಕಾಡಲ್ಲಿ ಕಂದು ಅಳಿಲು ಉಳಿದಿರೋದೇ ಬೆರಳೆಣಿಕೆ. ನಿಮ್ಮಪ್ಪನೇ ತಾನೆ? ಪೆಟ್ಟಿಗೆ ತೆಗೆಯೋಕೆ ನೀನೇ ಒಪ್ಸು. ಇಲ್ಲಾಂದ್ರೆ ಅರಣ್ಯ ಇಲಾಖೆಯವರನ್ನ ಕಳಿಸ್ಬೇಕಾಗುತ್ತೆ” ಎಂದರು. ಅದಕ್ಕೇ ಫೋನ್ ಮಾಡಿದ್ದು. ನೀನು ಏನೆಂದೆ?

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ! ರೋಗ ತಂದಿದ್ದು ಆ ಬೂದು, ಊಟ ತಪ್ಪೋದು ನನ್ನ ಗಿರಾಕಿಗಾ? ಚೌಕಾಸಿ ಮಾಡದೆ ಬರೋಳು ಅವಳೊಬ್ಬಳೇ ಕಣೇ. ನೀನೇನು ಓದೋಕೆ ಹೋಗಿದ್ದೀಯೋ, ಅಳಿಲಿನ ಮೂಗು ಒರೆಸೋಕೆ ಹೋಗಿದ್ದೀಯೋ?”

ನಗು ಬಂತಪ್ಪ, ಆದರೆ ನಗಲಾಗಲಿಲ್ಲ. ಬೂದು ಅಳಿಲನ್ನು ಬಾಗಿಲಲ್ಲಿ ತಡೆದು ‘ನಿನಗಿಲ್ಲ, ಹೋಗು’ ಅನ್ನಲು ಆಗುತ್ತದೆಯೇ? ಎರಡೂ ಒಂದೇ ಅಂಚಿಗೆ ಬಾಯಿ ಹಚ್ಚುತ್ತವೆ. ಇನ್ನು ಕೆಲವೇ ದಿನಗಳಲ್ಲಿ ಮರಿಗಳು ಗೂಡಿನಿಂದ ಇಳಿಯುತ್ತವೆ. ಗಿರಾಕಿ ಅವನ್ನು ಮೊದಲು ಕರೆತರುವುದು ನಿನ್ನ ಕಿಟಕಿಗೇ. ಈ ಕಾಗದ ಕೈಸೇರಿದ ದಿನವೇ ಪೆಟ್ಟಿಗೆ ಬಿಚ್ಚಿ, ಬ್ಲೀಚ್ ನೀರಲ್ಲಿ ತೊಳೆದು ಒಳಗಿಡು. ಕಾಡಿನಲ್ಲಿ ಈಗ ಅವಕ್ಕೆ ತಿನ್ನಲು ಬೇಕಾದಷ್ಟಿದೆ, ಹಸಿದು ಸಾಯುವುದಿಲ್ಲ.

ಹಾಗೆ ಮಾಡಿದರೆ ಉಳಿಯುತ್ತವಾ ಎಂದು ಕೇಳುತ್ತೀಯ. ನಾನೂ ಕೇಳಿದೆ. ಮೇಡಂ ಕನ್ನಡಕ ಒರೆಸುತ್ತಾ “ಗೊತ್ತಿಲ್ಲಮ್ಮ” ಎಂದರು. ಅಂದಿನಿಂದ ಪುಸ್ತಕ ತೆರೆದರೆ ಅಕ್ಷರ ನಿಲ್ಲುತ್ತಿಲ್ಲ. ರೂಮ್‌ಮೇಟ್ ಬೇರೆ, “ಎಕ್ಸಾಮ್‌ನಲ್ಲಿ ಅಳಿಲು ಬಂದು ಮಾರ್ಕ್ಸ್ ಹಾಕುತ್ತಾ?” ಎಂದು ರೇಗಿಸುತ್ತಾಳೆ.

ಬೈಯಬೇಕೆನಿಸಿದರೆ ಬೈದೇ ಬರೆ, ಆದರೆ ಬರೆ. ತಲೆಯ ಮೇಲೆ ನಿನ್ನ ಕೈ ಇದೆ ಎಂದುಕೊಂಡೇ ಪರೀಕ್ಷೆಗೆ ಕೂರುತ್ತೇನೆ.

ನಿನ್ನ ಮಗಳು,
ಚೋಟು

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆ ಕ್ಯಾಮೆರಾದಲ್ಲಿ ಮಾತೂ ದಾಖಲಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಯಾವ ಅಳಿಲು ಯಾವಾಗ ಬಂತೆಂದು ನೋಡಲು ಕೂತಾಗ ನಿನ್ನ ದನಿ ಕೇಳಿತು. “ಇವತ್ತು ನೀಲಿ ಬಟ್ಟೆ ಬಂದಿದೆ ಕಣೇ. ಅವಳಿಗೆ ನೀಲಿ ಅಂದ್ರೆ ಪ್ರಾಣ. ಕೊನೇ ದಿನ ಆಸ್ಪತ್ರೇಲೂ ನೀಲಿ ಶಾಲನ್ನೇ ಕೇಳಿದ್ಲು. ನಾನು ತಗೊಂಡು ಹೋಗೋಷ್ಟರಲ್ಲಿ…” ಅಷ್ಟರಲ್ಲಿ ಗಿರಾಕಿ ಓಡಿಹೋದಳು, ಆಮೇಲೆ ಕೇಳಿದ್ದು ನಿನ್ನ ಹೊಲಿಗೆ ಯಂತ್ರದ ಸದ್ದು ಮಾತ್ರ.

ಅಮ್ಮ ತೀರಿಕೊಂಡ ವರ್ಷವೇ ನೀನು ನನ್ನನ್ನು ಹಾಸ್ಟೆಲಿಗೆ ಸೇರಿಸಿದೆ. ಅಂದಿನಿಂದ ನನ್ನ ಹತ್ತಿರ ಅಮ್ಮನ ಮಾತು ಒಂದು ದಿನವೂ ಎತ್ತಿಲ್ಲ. ನಾನು ಕೇಳಿದರೆ ನಿನಗೆ ನೋವಾಗುತ್ತದೆಂದು ನಾನೂ ಕೇಳಲಿಲ್ಲ. ಅಮ್ಮನಿಗೆ ನೀಲಿ ಇಷ್ಟವೆಂದು ನನಗೆ ತಿಳಿದದ್ದು ನೀನು ಒಂದು ಅಳಿಲಿಗೆ ಹೇಳಿದ್ದರಿಂದ.

ಮಾತನ್ನೆಲ್ಲ ಅಳಿಸಿ, ಮೇಡಂಗೆ ಬರೀ ಚಿತ್ರ ಕೊಟ್ಟಿದ್ದೇನೆ. ಮುಂದಿನ ಶನಿವಾರ ಬರುತ್ತೇನೆ. ಪೆಟ್ಟಿಗೆ ಇಲ್ಲದ ಆ ಕಿಟಕಿಯ ಹತ್ತಿರ ಕೂತಿರುತ್ತೇನೆ. ನೀನು ಶಾಲು ತೆಗೆದುಕೊಂಡು ಹೋಗುವಷ್ಟರಲ್ಲಿ ಏನಾಯಿತು ಎಂದು ನನಗೆ ಹೇಳಪ್ಪ.