"ನೀವು" ನಿಲ್ಲುವ ಎತ್ತರ

ಮಾನ್ಯ ಕಾಸಿಯಾನ್ ಥಾಲರ್ ಅವರೇ,

ನೀವು ತೀರಿಕೊಂಡ ಮೇಲೆ ಗ್ಯಾರೇಜನ್ನು ನಾನೇ ನಡೆಸುತ್ತಿದ್ದೇನೆ. ಇವತ್ತು ಮಳೆಯಲ್ಲೇ ಬೈಕ್ ಹತ್ತಿ ಟಿಮ್ಮೆಲ್ಸ್‌ಯೋಖ್ ಘಾಟಿಗೆ ಹೋಗಿದ್ದೆ. ತುದಿಯ ಹೋಟೆಲಿನಲ್ಲಿ ಕೈಗವಸು ಹಿಂಡುತ್ತಿದ್ದಾಗ ಅಪರಿಚಿತ ಸವಾರನೊಬ್ಬ, "ಏನಮ್ಮಾ, ಬೈಕಲ್ಲಿ ಬಂದ್ಯೋ, ಈಜ್ಕೊಂಡು ಬಂದ್ಯೋ?" ಎಂದ.

ಬೆಟ್ಟದ ಮೇಲೆ ಎಲ್ಲರೂ ಎಲ್ಲರಿಗೂ "ನೀನು" ಎನ್ನುವುದು ನಮ್ಮ ಕಡೆಯ ರೂಢಿ. ಆದರೆ ಅದು ಯಾವ ತಿರುವಿನಿಂದ ಶುರು? ಬ್ರೆಡ್ ಉಂಡೆಯ ಸಾರು ಬಡಿಸುತ್ತಿದ್ದ ನಮ್ಮೂರಿನ ನೋಟ್‌ಬುರ್ಗಾಳನ್ನು ಕೇಳಿದೆ.

"ಸಾವಿರ ಮೀಟರ್ ದಾಟಿದ್ಮೇಲೆ ಅಂತಾರೆ. ಮಳೆ ಬಂದ್ರೆ ಇನ್ನೂ ಕೆಳಗೇ ಶುರು. ನೆಂದ ಕೋಳಿಗೆ ಯಾರೇ 'ನೀವು' ಅಂತಾರೆ!"

"ನಮ್ಮ ಗ್ಯಾರೇಜು?"

"ತೀರಾ ಕೆಳಗಾಯ್ತಲ್ಲೇ."

ಅಷ್ಟು ವರ್ಷ ಜೊತೆಗೆ ದುಡಿದರೂ ನಮ್ಮಿಬ್ಬರ ನಡುವೆ "ನೀವು" ತಪ್ಪಲಿಲ್ಲ. ಪ್ರತಿ ಬೇಸಿಗೆಯಲ್ಲೂ ನೀವು, "ಒಂದ್ಸಲ ಮೇಲೆ ಹೋಗಿಬರೋಣ ಬನ್ನಿ" ಎನ್ನುತ್ತಿದ್ದಿರಿ. ನಾನು ಮೋಡ ನೋಡಿ, ಇನ್ನೊಂದು ದಿನ ಎನ್ನುತ್ತಿದ್ದೆ. ಕರೆದದ್ದು ಇದಕ್ಕೇ ಇರಬಹುದೇ?

ಇಳಿಯುವಾಗ, ಇನ್ನೂ ಎತ್ತರದಲ್ಲಿದ್ದಾಗಲೇ, ಹೆಲ್ಮೆಟ್ಟಿನೊಳಗೆ ಒಂದು ಸಲ ಹೇಳಿ ನೋಡಿದೆ: "ಕಾಸಿಯಾನ್, ನೀನು ಕಲಿಸಿದ ಹಾಗೇ ಬ್ರೇಕ್ ಹಿಡೀತಿದ್ದೀನಿ ಕಣೋ."