ಬೆಂದ ಬೇಳೆಯ ತೂಕ

ಅಂಗಡಿಯ ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ಕೇಳಿರಿ, ಕೇಳಿರಿ, ಶಿಬಿರದ ಊಟದ ಮನೆಯಲ್ಲಿ ನೆರೆದಿರುವ ಮಹಾಜನಗಳೇ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರೇ, ಬೆಂಚಿನ ಮೇಲೆ ಕೂತವರೇ, ಬಡಿಸುವವರೇ, ಬಡಿಸಿದ್ದನ್ನು ನೋಡಿ ಮುಖ ಸಿಂಡರಿಸುವವರೇ, ಹಿಂದಿನ ಮೇಜಿನಲ್ಲಿ ಪಿಸುಗುಡುತ್ತಿರುವ ಭಾರ ಎತ್ತುವ ಹುಡುಗಿಯರೇ, ಬಾಯಿ ಮುಚ್ಚಿ, ಕಿವಿ ತೆರೆಯಿರಿ. ಮಾಂಸದ ಅಂಗಡಿಯವನ ಮಗಳು ಮಾಂಸ ಬಿಟ್ಟ ಕಥೆಯನ್ನು ಸ್ವತಃ ಮಾಂಸದ ಅಂಗಡಿಯವನೇ ಹೇಳುತ್ತಿದ್ದಾನೆ.

ಮಗಳೇ, ಬಂಡೆಮರಿ, ಆಶೀರ್ವಾದ. ಗಂಟಲು ಸರಿಮಾಡಿಕೊಂಡು ಇದನ್ನು ಎಲ್ಲರೆದುರು ಗಟ್ಟಿಯಾಗಿ ಓದು. ಎದುರಿಗೆ ನಾಲ್ಕು ಜನ ಇಲ್ಲದಿದ್ದರೆ ನಿಮ್ಮಪ್ಪನಿಗೆ ಮಾತು ಹೊರಡುವುದಿಲ್ಲ, ಗೊತ್ತಿರುವ ವಿಷಯವೇ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂದುಕೊಂಡೆ. ಇಳಿಯುವ ಲಕ್ಷಣ ಕಾಣಲಿಲ್ಲ, ಸಿಟ್ಟಿನಲ್ಲೇ ಕೂತಿದ್ದೇನೆ. ಶಿಬಿರದವರು ನಿಮ್ಮ ಫೋನುಗಳನ್ನೆಲ್ಲ ಕಿತ್ತಿಟ್ಟುಕೊಂಡದ್ದು ಒಳ್ಳೆಯದೇ ಆಯಿತು. ಫೋನಿನಲ್ಲಾದರೆ ನೀನು ನಡುನಡುವೆ ಬಾಯಿ ಹಾಕುತ್ತಿದ್ದೆ. ಈ ಸಲ ರಂಗ ಪೂರ್ತಿ ನನ್ನದು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಮ್ಮನ ಮಂಡಿನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಅಂಗಡಿಯ ಫ್ರೀಜರ್ ಗೊರಕೆ ಹೊಡೆಯುತ್ತಿದೆ. ದೊಡ್ಡ ಕತ್ತಿಗೆ ಹೊಸ ಹಿಡಿ ಹಾಕಿಸಿದೆ. ಸಮಾಚಾರ ಇಷ್ಟೇ. ಇನ್ನು ಯುದ್ಧ.

ಏನು ಬರೆದಿದ್ದೀಯ ನೀನು? "ಅಪ್ಪ, ಎರಡು ತಿಂಗಳಿಂದ ಮಾಂಸ ಬಿಟ್ಟಿದೀನಿ. ಮೊಟ್ಟೆನೂ ಬಿಟ್ಟಿದೀನಿ. ಕಾರಣ ಕೇಳಬೇಡಿ. ಹೇಳಿದ್ರೆ ನೀವು ವಾದ ಮಾಡ್ತೀರಿ, ವಾದದಲ್ಲಿ ನಾನು ಸೋಲ್ತೀನಿ, ಸೋತ್ರೂ ತಿನ್ನಲ್ಲ. ಆ ಭಾಗ ಬಿಟ್ಟುಬಿಡೋಣ." ಹದಿನೆಂಟು ವರ್ಷ ಸಾಕಿದ ಅಪ್ಪನಿಗೆ ಬರೆಯುವ ಕಾಗದವೇ ಇದು? ಕತ್ತಿ ಎತ್ತುವ ಮೊದಲೇ ಪರದೆ ಎಳೆದುಬಿಟ್ಟೆಯಲ್ಲ.

ಆ ಭುಜಗಳು ಎಲ್ಲಿಂದ ಬಂದವು ಅಂದುಕೊಂಡಿದ್ದೀಯ? ನಿನಗೆ ಹಲ್ಲು ಮೂಡಿದಾಗ ಕಚ್ಚಲು ಕೊಟ್ಟದ್ದು ಮೂಳೆ. ಹನ್ನೆರಡು ತುಂಬುವ ಮೊದಲೇ ಅರ್ಧ ಕುರಿಯನ್ನು ಒಬ್ಬಳೇ ಎತ್ತಿ ಕೊಕ್ಕೆಗೆ ಸಿಕ್ಕಿಸಿದವಳು ನೀನು. ಗಿರಾಕಿಗಳು ಚೀಲ ಕೆಳಗಿಟ್ಟು ನೋಡುತ್ತಾ ನಿಂತರು. ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಹುಟ್ಟಿ, ಪರದೆಯ ಹಿಂದೆ ಮಲಗಿ, ರಾಕ್ಷಸನ ಪಾತ್ರ ಮಾಡುತ್ತಿದ್ದ ನಿಮ್ಮಜ್ಜನ ಆರ್ಭಟ ಕೇಳಿ ಬೆಳೆದವನು ನಾನು. ಕಂಪನಿ ಮುಳುಗಿದ ಮೇಲೆ ಕತ್ತಿ ಹಿಡಿದೆ. ನನ್ನ ಪಾಲಿಗೆ ಉಳಿದ ರಂಗ ಮಾಂಸ ಕಡಿಯುವ ಈ ಕಟ್ಟೆ ಒಂದೇ. ಅದರ ಮೇಲೆ ತಯಾರಾದವಳು ಈಗ ಅದನ್ನೇ ಕಾಲಲ್ಲಿ ಒದ್ದು, ಬೇಳೆಯ ತಟ್ಟೆ ಹಿಡಿದು ಕೂತಿದ್ದಾಳೆ.

ಮೊನ್ನೆ ಗುರುವಾರ ನಿಮ್ಮ ಕೋಚ್ ಮೇಡಂ ಫೋನು ಮಾಡಿದರು. ಆಯಮ್ಮನ ದನಿಯಲ್ಲಿ ಉಪ್ಪಿಲ್ಲ, ಖಾರವಿಲ್ಲ, ಹವಾಮಾನ ಓದಿದ ಹಾಗೆ ಓದಿದರು. "ನಿಮ್ಮ ಮಗಳು ಸಲೀಸಾಗಿ ಎತ್ತುತ್ತಿದ್ದ ಭಾರ ಈಗ ಎದೆಗೂ ಬರ್ತಿಲ್ಲ. ಮೆಟ್ಟಿಲು ಹತ್ತಿದ್ರೆ ಕೂತ್ಕೊಳ್ತಾಳೆ. ಮುಂದಿನ ತಿಂಗಳ ಕೊನೆಗೆ ತಂಡದ ಆಯ್ಕೆ. ಅವಳು ಏನು ತಿನ್ನಬೇಕು ಅಂತ ಹೇಳೋದು ನನ್ನ ಕೆಲಸ ಅಲ್ಲ. ದಿನಕ್ಕೆ ತೊಂಬತ್ತು ಗ್ರಾಂ ಪ್ರೋಟೀನ್ ಬೇಕು ಅಂದಿದ್ದೆ, ತಿಂತಿದೀನಿ ಅಂತಾಳೆ. ದೇಹ ಬೇರೆ ಹೇಳ್ತಿದೆ. ಎತ್ತದಿದ್ರೆ ಆಯ್ಕೆ ದಿನ ಸಂಜೆ ಬಂದು ಕರ್ಕೊಂಡು ಹೋಗಿ."

ನಾನೇನು ಮಾಡಿದೆ ಗೊತ್ತೇ? ಫೋನು ಇಟ್ಟು, ಕಟ್ಟೆಯ ಸುತ್ತ ಒಂದು ಸುತ್ತು ಕುಣಿದೆ. ಗೆದ್ದೆ ಅಂದುಕೊಂಡೆ. ಗಲ್ಲಾದಲ್ಲಿ ಕೂತಿದ್ದ ನಿಮ್ಮಮ್ಮ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, "ಮಗಳು ಕುಸಿದುಬಿದ್ಲು ಅಂತ ಕುಣಿಯೋ ಅಪ್ಪನ್ನ ಇವತ್ತೇ ನೋಡಿದ್ದು," ಅಂದಳು.

"ಕುಸಿದದ್ದು ಅವಳಲ್ಲ, ಬೇಳೆ," ಅಂದೆ.

"ಹಾಗಾದ್ರೆ ಬೇಳೆ ಮುಂದೆ ಹೋಗಿ ಕುಣೀರಿ."

ಸರಿ, ಹೋದೆ. ಬೇಳೆಯ ಬಂಡವಾಳ ಬಯಲು ಮಾಡಿ, ಸಾಕ್ಷಿ ಸಮೇತ ನಿನಗೆ ಬರೆಯಬೇಕೆಂದು ತೀರ್ಮಾನಿಸಿ, ಎದುರು ಸಾಲಿನ ದಿನಸಿ ಅಂಗಡಿಗೆ ನಡೆದೆ. ನಾನು ಗಟ್ಟಿಯಾಗಿ ಮಾತಾಡುತ್ತೇನೆಂದು ಎರಡು ಸಲ ದೂರು ಕೊಟ್ಟವನು ಆ ಅಂಗಡಿಯವನು. ಅವನ ಹೊಸ್ತಿಲು ತುಳಿದು ಎಷ್ಟೋ ವರ್ಷವಾಗಿತ್ತು. ನನ್ನನ್ನು ಕಂಡು ಎದ್ದು ನಿಂತ.

"ಬನ್ನಿ ಮಹಾಪ್ರಭು. ಸೈನ್ಯ ಎಲ್ಲಿ?"

"ಬೇಳೆ ಕೊಡು."

"ಯಾವ ಬೇಳೆ?"

"ಭಾರ ಎತ್ತೋ ಬೇಳೆ."

"ಹಾಗಾದ್ರೆ ನಿಮ್ಮ ಮಗಳು ಪಕ್ಷ ಬದಲಾಯಿಸಿದ್ದು ನಿಜ ಅನ್ನಿ. ನನ್ನ ಹೆಂಡತಿ ಹೇಳಿದಾಗ ನಾನು ನಂಬಲಿಲ್ಲ. ಹುಲಿ ಮನೇಲಿ ಮೊಲ ಹೇಗೆ ಹುಟ್ಟುತ್ತೆ ಅಂದೆ."

"ಆ ಮೊಲ ನಿನ್ನನ್ನ ನಿನ್ನ ಮೂಟೆ ಸಮೇತ ತಲೆ ಮೇಲೆ ಎತ್ತಿ ನಿಲ್ಲುತ್ತೆ. ಮಾತು ಸಾಕು, ತೂಗು."

"ಈಗ ಎತ್ತಕ್ಕಾಗ್ತಿಲ್ಲವಂತಲ್ಲ ಮಹಾಪ್ರಭು?"

ನನ್ನ ಫೋನಿನ ಮಾತು ಇಡೀ ಬೀದಿಗೆ ಕೇಳಿಸುತ್ತದೆ, ಅದು ನಿಜ. ಆದರೂ ಅವನು ಕಿರಿದ ಆ ಹಲ್ಲುಗಳನ್ನು ನಾನು ಮರೆಯುವುದಿಲ್ಲ. ದುಡ್ಡು ಎಸೆದು, ಪೊಟ್ಟಣ ಕಿತ್ತುಕೊಂಡು ಬಂದೆ.

ಪೊಟ್ಟಣದ ಮೇಲೆ ಅಚ್ಚಾಗಿತ್ತು, ನೂರು ಗ್ರಾಮಿಗೆ ಇಪ್ಪತ್ತನಾಲ್ಕು ಗ್ರಾಂ ಪ್ರೋಟೀನ್ ಅಂತ. ಹಸಿ ಸುಳ್ಳು ಅಂದುಕೊಂಡೆ. ಮಾಂಸವನ್ನು ಬೇಯಿಸಿದರೆ ನೀರು ಬಿಟ್ಟು ಮುಕ್ಕಾಲಿಗೆ ಇಳಿಯುತ್ತದೆ. ಇದು ಒಣಗಿದ ಕಾಳು, ಅರ್ಧಕ್ಕೇ ಇಳಿದು ಇದರ ಬಣ್ಣ ಬಯಲಾಗುತ್ತದೆ ಅಂತ ಲೆಕ್ಕ ಹಾಕಿದೆ. ನಗಬೇಡಿ ಮಹಾಜನಗಳೇ. ಜೀವಮಾನವೆಲ್ಲ ಮಾಂಸ ತೂಗಿದವನ ತಲೆ ಹಾಗೇ ಓಡುತ್ತದೆ. ನೂರು ಗ್ರಾಂ ತೂಗಿ, ಬೇಯಿಸಿ, ನೀರು ಬಸಿದು, ಅಂಗಡಿಯ ತಕ್ಕಡಿಗೆ ಹಾಕಿದೆ. ಮುಳ್ಳು ಇನ್ನೂರೈವತ್ತು ದಾಟಿ ನಿಂತಿತು. ಪಾತ್ರೆಯ ತೂಕ ಕಳೆದಿಲ್ಲವೇನೋ ಅಂತ ಇನ್ನೊಮ್ಮೆ ಇಟ್ಟೆ. ಅದೇ ಇನ್ನೂರೈವತ್ತು. ತಕ್ಕಡಿಗೆ ಒಂದು ಏಟು ಕೊಟ್ಟೆ. ಅದಕ್ಕೂ ಬಗ್ಗಲಿಲ್ಲ.

"ನೀರು ಕುಡಿದಿದೆ ಕಣ್ರೀ," ಅಂದಳು ನಿಮ್ಮಮ್ಮ ಬಾಗಿಲಲ್ಲಿ ನಿಂತು. "ಕಾಳು ಉಬ್ಬುತ್ತೆ ಅನ್ನೋದು ಮಕ್ಕಳಿಗೂ ಗೊತ್ತು."

"ಹಾಗಾದ್ರೆ ಈ ರಾಶಿಯಲ್ಲಿ ಇರೋದೂ ಅದೇ ಇಪ್ಪತ್ತನಾಲ್ಕು ಗ್ರಾಂ ತಾನೆ? ಉಳಿದದ್ದೆಲ್ಲ ನೀರು?"

"ಮತ್ತಿನ್ನೇನು, ಬಂಗಾರ ಇರುತ್ತಾ?" ಅಂದವಳು ತಕ್ಕಡಿಯ ಹತ್ತಿರ ಬಂದಳು. "ಅವಳ ಕಾಗದ ತನ್ನಿ."

ತಂದುಕೊಟ್ಟೆ. ಕೊನೆಯ ಪುಟದಲ್ಲಿ ನೀನೇ ಬರೆದಿದ್ದೆ: "ದಿನಕ್ಕೆ ಮುನ್ನೂರು ಗ್ರಾಂ ಬೇಳೆ ತಿಂತೀನಿ. ಬೆಂದ ಮೇಲೇ ತೂಗೋದು, ನೀವು ಹೇಳಿಕೊಟ್ಟ ಹಾಗೆ. ಅದರಲ್ಲೇ ಎಪ್ಪತ್ತೆರಡು ಗ್ರಾಂ ಪ್ರೋಟೀನ್ ಆಯ್ತು. ಉಳಿದದ್ದು ಹಾಲು, ಬ್ರೆಡ್ಡಿನಲ್ಲಿ ಬರುತ್ತೆ."

ನಾನು ಹೇಳಿಕೊಟ್ಟ ಹಾಗೆ. ಹೌದು, ಕೆಲವರು ಮಾಂಸಕ್ಕೆ ನೀರು ಹೊಡೆದು ಮಾರುತ್ತಾರೆ, ಹಸಿ ತೂಕ ನಂಬಬೇಡ, ಬೆಂದ ಮೇಲೆ ತಟ್ಟೆಯಲ್ಲಿ ಉಳಿದದ್ದೇ ನಿಜವಾದ ತೂಕ ಅಂತ ಕಟ್ಟೆ ಬಡಿದು ಬಡಿದು ಕಲಿಸಿದವನು ನಾನು. ಮಾಂಸ ಬಿಟ್ಟೆ, ಮಾಂಸದ ತಕ್ಕಡಿ ಬಿಡಲಿಲ್ಲ ನೀನು. ಒಣಗಿದ ಕಾಳಿನ ಲೆಕ್ಕವನ್ನು ನೀರು ಕುಡಿದ ಕಾಳಿಗೆ ಹಚ್ಚಿದೆ. ನಿನ್ನ ಮುನ್ನೂರು ಗ್ರಾಮಿನಲ್ಲಿ ಇದ್ದದ್ದು ಎಪ್ಪತ್ತೆರಡಲ್ಲ ತಾಯಿ, ಮೂವತ್ತೂ ಇಲ್ಲ. ಹತ್ತಿರ ಹತ್ತಿರ ಮೂರು ತಿಂಗಳಿಂದ ಅರೆಹೊಟ್ಟೆ ದೇಹಕ್ಕೆ ಭಾರ ಹೊರಿಸುತ್ತಿದ್ದೀಯ.

ಈಗ ಸಭೆ ಉಸಿರು ಹಿಡಿಯಲಿ. ಇದು ಗೊತ್ತಾದದ್ದು ಗುರುವಾರ. ಇವತ್ತು ಭಾನುವಾರ. ನಡುವೆ ನಾನೇನು ಮಾಡುತ್ತಿದ್ದೆ? ಸುಮ್ಮನಿದ್ದೆ. ಬಾಯಿ ಬಿಡದಿದ್ದರೆ ಸಾಕಿತ್ತು. ಆಯ್ಕೆಯ ದಿನ ನೀನು ಸೋಲುತ್ತಿದ್ದೆ, ಬೇಳೆ ಸೋತಿತು ಅಂತ ನಾಲ್ಕು ಜನ ಹೇಳುತ್ತಿದ್ದರು, ಗಂಟು ಕಟ್ಟಿಕೊಂಡು ಬಂದು ನನ್ನ ಮೇಜಿಗೆ ಕೂರುತ್ತಿದ್ದೆ. ಒಂದೇ ಒಂದು ಮಾತು ಆಡದೆ ಗೆಲ್ಲುವ ನಾಟಕ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ನಿಮ್ಮಮ್ಮನಿಗೆ ಇದನ್ನೇ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಬಟ್ಟೆ ಮಡಿಸುತ್ತಾ, "ಹೇಳಬೇಡಿ. ಮನೆಗೆ ಬರ್ತಾಳೆ," ಅಂದಳು. ಇನ್ನೊಂದು ಬಟ್ಟೆ ಮಡಿಸಿದಳು. "ಬಂದು, ಆ ಪೊಟ್ಟಣದ ಲೆಕ್ಕ ಎಲ್ಲಿ ತಪ್ಪಿತು ಅಂತ ಒಂದಲ್ಲ ಒಂದು ದಿನ ಅವಳಿಗೇ ಗೊತ್ತಾಗುತ್ತೆ. ನಿಮಗೆ ಮೊದಲೇ ಗೊತ್ತಿತ್ತು ಅನ್ನೋದೂ ಗೊತ್ತಾಗುತ್ತೆ. ಆಮೇಲೆ ನೀವೂ ಇದೇ ಮನೇಲಿ ಇರ್ತೀರಿ, ಅವಳೂ ಇರ್ತಾಳೆ."

ಅದಕ್ಕೇ ಬರೆಯುತ್ತಿದ್ದೇನೆ, ಹಲ್ಲು ಕಡಿಯುತ್ತಾ ಬರೆಯುತ್ತಿದ್ದೇನೆ. ಬೇಳೆಯನ್ನು ಒಣಗಿದ್ದಾಗಲೇ ತೂಗು. ಬೆಂದ ಮೇಲೆ ಎಷ್ಟಾಗುತ್ತದೋ ಆಗಲಿ, ಲೆಕ್ಕ ಒಣಗಿದ್ದರದ್ದು. ಅಷ್ಟೊಂದು ಬೇಳೆ ಒಂದೇ ಹೊತ್ತಿಗೆ ತಿಂದರೆ ಹೊಟ್ಟೆ ಡೋಲು ಬಾರಿಸುತ್ತದೆ, ಮೂರು ಹೊತ್ತಿಗೆ ಹಂಚಿಕೋ. ಕಡಲೆ, ಶೇಂಗಾ, ಸೋಯಾ, ಗಟ್ಟಿ ಮೊಸರು, ಎಲ್ಲವನ್ನೂ ಸೇರಿಸು. ಶಿಬಿರದ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸು. ಈ ಕಾಗದವನ್ನು ಕೋಚ್ ಮೇಡಂಗೆ ತೋರಿಸು, ತಪ್ಪಿದ್ದು ಲೆಕ್ಕ, ಹುಡುಗಿಯಲ್ಲ ಅನ್ನು. ಆಯ್ಕೆಗೆ ಇನ್ನೂ ಆರು ವಾರ ಇದೆ.

ಇಷ್ಟು ಹೇಳಿದೆನೆಂದು ಶರಣಾದೆ ಅಂದುಕೊಂಡೀಯ, ಜೋಕೆ. ಬೇಳೆ ಸಾಲದು ಅಂತ ಇನ್ನೂ ಹೇಳುತ್ತೇನೆ, ಸಾಯುವವರೆಗೂ ಹೇಳುತ್ತೇನೆ. ಕಾರಣ ಹೇಳದೆ ಬಿಟ್ಟವಳ ಮೇಲೆ ನನಗೆ ಕನಿಕರವಿಲ್ಲ. ಆದರೆ ನನ್ನ ಮಗಳು ಸೋಲುವುದಾದರೆ ಸರಿಯಾದ ತೂಕದಲ್ಲಿ ಸೋಲಲಿ. ತಪ್ಪು ತಕ್ಕಡಿಯಿಂದ ಬಂದ ಗೆಲುವು ನನ್ನ ಕಟ್ಟೆಯ ಮೇಲೆ ಬೇಡ.

ಈ ಕಾಗದವನ್ನು ನಿಮ್ಮ ಶಿಬಿರಕ್ಕೆ ಬ್ರೆಡ್ ಹಾಕುವ ವ್ಯಾನಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ಸಂಜೆಯ ಊಟಕ್ಕೆ ಮೊದಲೇ ನಿನಗೆ ಸಿಗುತ್ತದೆ. ನಿನ್ನ ತೋಳಿಗೆ ಬಲ ಬರಲಿ, ಬೆನ್ನು ನೆಟ್ಟಗಿರಲಿ, ಎತ್ತಿದ್ದು ಜಾರದಿರಲಿ. ನಿಮ್ಮಮ್ಮನ ಆಶೀರ್ವಾದ ಇದರೊಳಗೇ ಇದೆ, ಅವಳದ್ದರಲ್ಲಿ ಸಿಟ್ಟಿಲ್ಲ.

ಇಂತಿ,
ಒಂದಿಂಚೂ ಸೋಲದ
ನಿನ್ನ ಅಪ್ಪ

ಮತ್ತೊಂದು ಮಾತು. ಇದನ್ನು ಗಟ್ಟಿಯಾಗಿ ಓದಬೇಡ.

ನಿನ್ನ ಕಾಗದ ಬರುವ ನಾಲ್ಕು ದಿನ ಮೊದಲು ನಾನು ಶಿಬಿರಕ್ಕೆ ಬಂದಿದ್ದೆ. ಆಗ ನೀನು ಮಾಂಸ ಬಿಟ್ಟದ್ದು ಗೊತ್ತಿರಲಿಲ್ಲ. ನಿಮ್ಮಮ್ಮ ಬೇಯಿಸಿ ಡಬ್ಬಿಗೆ ತುಂಬಿಕೊಟ್ಟಿದ್ದಳು. ಅಂಗಡಿಯ ಅಂಗಿಯಲ್ಲೇ ಬಂದಿದ್ದೆ, ಬದಲಾಯಿಸಲು ಹೊತ್ತಿರಲಿಲ್ಲ. ನೀನು ಮೆಟ್ಟಿಲ ಮೇಲೆ ಇಬ್ಬರು ಗೆಳತಿಯರ ಜೊತೆ ನಿಂತಿದ್ದೆ. ಕಾವಲಿನವನು ನನ್ನನ್ನು ತಡೆದು, ನಿನ್ನ ಕಡೆ ತಿರುಗಿ, "ಇವರು ಯಾರಮ್ಮ?" ಅಂತ ಕೂಗಿದ. ನೀನು ನನ್ನನ್ನು ನೋಡಿದೆ. ಆಮೇಲೆ ಅವನಿಗೆ, "ಮಾಂಸದ ಅಂಗಡಿಯವರು. ಹಿಂದಿನ ಗೇಟಿಗೆ ಕಳಿಸಿ," ಅಂದೆ.

ಹೋದೆ ಮಗಳೇ. ಗೋಡೆ ಸುತ್ತಿಕೊಂಡು ಹೋದೆ. ಅಡುಗೆಯವನು ಡಬ್ಬಿ ಇಸಿದುಕೊಂಡು, "ಬಿಲ್ ಎಲ್ಲಿ?" ಅಂದ. ಆಮೇಲೆ ಕಳಿಸುತ್ತೇನೆ ಅಂದು ಬಸ್ಸು ಹತ್ತಿದೆ. ಮನೆಯಲ್ಲಿ ನಿಮ್ಮಮ್ಮನಿಗೆ, ನೀನು ಓಡಿ ಬಂದು ಡಬ್ಬಿ ಕಿತ್ತುಕೊಂಡೆ, ಗೆಳತಿಯರಿಗೆಲ್ಲ ಹಂಚಿದೆ ಅಂತ ಹೇಳಿದ್ದೇನೆ. ಅವಳು ಅದನ್ನು ದಿನಕ್ಕೊಮ್ಮೆ ನನ್ನ ಬಾಯಲ್ಲಿ ಮತ್ತೆ ಹೇಳಿಸುತ್ತಾಳೆ. ನಿನ್ನ ಕಾಗದದಲ್ಲಿ ಗೇಟಿನ ಬಗ್ಗೆ ಏನಾದರೂ ಇದೆಯೇನೋ ಅಂತ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬೇಳೆಯ ಲೆಕ್ಕ ಇತ್ತು.

ನಾಳೆ ಬೆಳಿಗ್ಗೆ ಅಂಗಡಿ ತೆರೆಯುವುದಿಲ್ಲ. ಮೊದಲ ಬಸ್ಸು ಹತ್ತಿ, ಇದೇ ಅಂಗಡಿಯ ಅಂಗಿಯಲ್ಲಿ, ಐದು ಕಿಲೋ ಒಣ ಬೇಳೆಯ ಚೀಲ ಹೊತ್ತುಕೊಂಡು ಮುಂದಿನ ಗೇಟಿನಲ್ಲಿ ನಿಲ್ಲುತ್ತೇನೆ. ನಾನು ಯಾರು ಅಂತ ಕಾವಲಿನವನು ಮತ್ತೆ ಕೇಳುತ್ತಾನೆ. ನಾನು ಬಾಯಿ ಬಿಡುವುದಿಲ್ಲ. ನೀನು ಬಂದು ಹೇಳುವವರೆಗೆ ಅಲ್ಲೇ ನಿಂತಿರುತ್ತೇನೆ.